ಪೆಟ್ಟು ತಾಗಿತೆಂದು ಒಪ್ಪಿಕೊಳ್ಳೋಣವೇ?

ಕ್ರೈಸ್ತನೊಬ್ಬನು ಕತ್ತಿವರಸೆ ಕಲಿಯಬಹುದೇ? ಕಳೆದ ಕ್ರಿಸ್ಮಸ್ ರಜೆಯಲ್ಲಿ ಸಿಂಧಘಟ್ಟದ ನಮ್ಮ ಮನೆಯಲ್ಲಿ ಎದ್ದ ಪ್ರಶ್ನೆ ಇದು. ಜರ್ಮನಿಯಲ್ಲಿ ಉದ್ಯೋಗದಲ್ಲಿರುವ ನನ್ನ ಅಣ್ಣನ ಮಗ ಅಜ್ಜಿಯನ್ನು ನೋಡಲು ಬಂದಿದ್ದ. ಅವನು ವಾರಕ್ಕೆರಡು ಸಂಜೆ ಯೂರೋಪಿನ ಹಳೆಯ ಉದ್ದಕತ್ತಿಯ ವಿದ್ಯೆ ಕಲಿಯುತ್ತಾನೆ, ಪಂದ್ಯಗಳಿಗೂ ಹೋಗುತ್ತಾನೆ. ಇದನ್ನು ಕೇಳಿ ನನ್ನ ತಾಯಿಯವರು ಕೈಯಲ್ಲಿದ್ದ ಜಪಸರ ಕೆಳಗಿಟ್ಟರು. "ಪೇತ್ರನ ಕೈಯ ಕತ್ತಿಯನ್ನೇ ಪ್ರಭು ಒರೆಗೆ ಸೇರಿಸಿದರಲ್ಲಪ್ಪಾ, ನಿನಗೇಕೆ ಅದು?" ಎಂದರು.

ಹುಡುಗ ಸಮಾಧಾನವಾಗಿಯೇ ವಿವರಿಸಿದ. ಆ ಕತ್ತಿಗೆ ಹರಿತವಿಲ್ಲ, ತುದಿಯೂ ಮೊಂಡು. ತೂಕ ಸುಮಾರು ಒಂದೂವರೆ ಕಿಲೋ. ಮುಖಕ್ಕೆ ತಂತಿಬಲೆಯ ಕವಚ, ಮೈಗೆ ದಪ್ಪನೆಯ ಅಂಗಿ, ಕೈಗೆ ಗಟ್ಟಿ ಗವಸು. ಗುರುಪರಂಪರೆ ಎಂದೋ ಕಡಿದುಹೋದ ಈ ವಿದ್ಯೆಯನ್ನು ಇಂದಿನವರು ಹಳೆಯ ಹಸ್ತಪ್ರತಿಗಳನ್ನು ಓದಿ ಮತ್ತೆ ಕಲಿಯುತ್ತಿದ್ದಾರೆ. ಅವುಗಳಲ್ಲಿ ಬಹು ಹಳೆಯದೊಂದು, ಸುಮಾರು 700 ವರ್ಷಗಳ ಹಿಂದೆ ಜರ್ಮನಿಯಲ್ಲಿ ಲತೀನ್ ಭಾಷೆಯಲ್ಲಿ ಬರೆದದ್ದು, ಇಂದು ಇಂಗ್ಲೆಂಡಿನ ಲೀಡ್ಸ್ ನಗರದ ರಾಯಲ್ ಆರ್ಮರೀಸ್ ಸಂಗ್ರಹಾಲಯದಲ್ಲಿದೆ. ಅದರ ಚಿತ್ರಗಳಲ್ಲಿ ಕತ್ತಿ ಕಲಿಸುವವನು ಯಾರು ಗೊತ್ತೇ? ಒಬ್ಬ ಗುರು, ಅಂದರೆ ಬಲಿಪೂಜೆ ಅರ್ಪಿಸುವ ಯಾಜಕ! ಕೊನೆಯ ಪುಟಗಳಲ್ಲಿ ವಾಲ್ಪುರ್ಗಿಸ್ ಎಂಬ ಸ್ತ್ರೀಯೂ ಕತ್ತಿ ಹಿಡಿದಿದ್ದಾಳೆ. ಅಂದಮೇಲೆ ಕತ್ತಿ ಹಿಡಿದದ್ದೇ ಪಾಪ ಎನ್ನುವಂತಿಲ್ಲ.

ಹಾಗಾದರೆ ಧರ್ಮಸಭೆ ಖಂಡಿಸಿದ್ದು ಯಾವುದನ್ನು? ದ್ವಂದ್ವಯುದ್ಧವನ್ನು. 1563ರಲ್ಲಿ ಟ್ರೆಂಟ್ ಮಹಾಸಭೆಯು ದ್ವಂದ್ವಯುದ್ಧ ಮಾಡುವವರನ್ನೂ ಅವರ ಬೆಂಬಲಿಗರನ್ನೂ ಬಹಿಷ್ಕರಿಸಿತು. ಅದರಲ್ಲಿ ಸತ್ತವರಿಗೆ ಕ್ರೈಸ್ತ ಸಮಾಧಿಯನ್ನೂ ನಿರಾಕರಿಸಿತು. ಅಲ್ಲಿ ಸತ್ಯಕ್ಕೆ ಬೆಲೆಯಿರಲಿಲ್ಲ. ತನ್ನ ಮಾನಕ್ಕೆ ಪೆಟ್ಟಾಯಿತೆಂದು ಎದುರಿನವನ ಪ್ರಾಣಕ್ಕೇ ಅಪಾಯ ತರುವ ಕಾದಾಟ ಅದು. ತಪ್ಪು ತನ್ನದೇ ಆಗಿದ್ದರೂ ಒಪ್ಪಿಕೊಳ್ಳಲು ಅಹಂಕಾರ ಅಡ್ಡಬರುತ್ತಿತ್ತು.

ಸಂತ ಇಗ್ನೇಷಿಯಸ್ ಲೊಯೋಲರವರಿಗೂ ಈ ಶೋಧನೆ ಬಂದಿತ್ತು. 1522ರಲ್ಲಿ ಮೊಂಟ್‌ಸೆರಾಟ್‌ಗೆ ಹೋಗುವ ದಾರಿಯಲ್ಲಿ ಒಬ್ಬನು ಮಾತೆ ಮರಿಯಮ್ಮನವರ ಕನ್ಯತ್ವವನ್ನು ಅಲ್ಲಗಳೆದು ಮುಂದೆ ಸಾಗಿದ. ಅವನನ್ನು ಬೆನ್ನಟ್ಟಿ ಇರಿಯಬೇಕೇ ಬೇಡವೇ ಎಂದು ತಿಳಿಯದೆ ಇಗ್ನೇಷಿಯಸರು ಹೇಸರಗತ್ತೆಯ ಲಗಾಮನ್ನು ಸಡಿಲಬಿಟ್ಟರು. ಅದು ಬೇರೆ ದಾರಿ ಹಿಡಿಯಿತು. ಮುಂದೆ ಅವರು ಮಾತೆಯ ಪೀಠದ ಬಳಿ ಇಡೀ ರಾತ್ರಿ ಜಾಗರಣೆ ಮಾಡಿ ತಮ್ಮ ಕತ್ತಿಯನ್ನು ಅಲ್ಲಿಯೇ ಬಿಟ್ಟರು. ಅವರು ನಿಜವಾಗಿ ಕೆಳಗಿಟ್ಟದ್ದು ಕಬ್ಬಿಣವನ್ನಷ್ಟೇ ಅಲ್ಲ, ಅಹಂಕಾರವನ್ನು.

"ಆದರೂ ಹೊಡೆಯುವ ಆಟ ಹೊಡೆಯುವ ಮನಸ್ಸನ್ನೇ ಬೆಳೆಸುವುದಿಲ್ಲವೇ?" ಎಂದು ನಾನು ಕೇಳಿದೆ. ಹುಡುಗ ಹೇಳಿದ: "ಬೆಳೆಸಬಹುದು ಚಿಕ್ಕಪ್ಪ. ಆದರೆ ಅಲ್ಲಿ ನನಗೆ ಹೊಡೆಯುವುದಕ್ಕಿಂತ ಕಷ್ಟವಾದದ್ದು ಇನ್ನೊಂದು. ಆಟ ಬಹಳ ವೇಗ. ತೀರ್ಪುಗಾರರಿಗೆ ಎಲ್ಲ ಪೆಟ್ಟೂ ಕಾಣುವುದಿಲ್ಲ. ತಾಗಿಸಿಕೊಂಡವನಿಗೆ ಮಾತ್ರ ಗೊತ್ತು. ಆಗ ತಾನಾಗಿಯೇ ಕೈಯೆತ್ತಿ 'ತಾಗಿತು' ಎನ್ನಬೇಕು. ನಮ್ಮ ಶಿಕ್ಷಕರು ಮೊದಲ ದಿನವೇ ಕಲಿಸಿದ್ದು ಅದನ್ನು."

ಒಲಿಂಪಿಕ್ಸ್‌ನ ಕತ್ತಿ ಪಂದ್ಯದಲ್ಲಿ ಎಪೇ ಎಂಬ ಕತ್ತಿಗೆ 1936ರಿಂದ ವಿದ್ಯುತ್ ಯಂತ್ರ ಬಂತು. ತುದಿ ತಾಗಿದರೆ ದೀಪ ಹತ್ತುತ್ತದೆ. ಇನ್ನು ಮೋಸವೇ ಇಲ್ಲ ಎಂದುಕೊಂಡಿರಾ? 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ಒಕ್ಕೂಟದ ಬೋರಿಸ್ ಒನಿಷ್ಚೆಂಕೊ ಹಿಡಿಕೆಯೊಳಗೆ ಗುಂಡಿಯೊಂದನ್ನು ಅಡಗಿಸಿಕೊಂಡು, ತಾಗದೆಯೇ ದೀಪ ಹೊತ್ತಿಸಿ ಸಿಕ್ಕಿಬಿದ್ದ. ಯಂತ್ರ ಬಂದರೂ ಮನಸ್ಸಾಕ್ಷಿಯ ಕೆಲಸ ಮುಗಿಯುವುದಿಲ್ಲ.

ಹುಡುಗನ ಮಾತು ನನ್ನನ್ನು ಎಲ್ಲಿ ಇರಿಯಿತೆಂದು ಅವನಿಗೆ ತಿಳಿಯದು. ನನಗೂ ಅವನ ತಂದೆಗೂ ನಾಲ್ಕು ವರ್ಷಗಳಿಂದ ಮಾತಿರಲಿಲ್ಲ. ಬೇಸಿಗೆಯ ಒಂದು ರಾತ್ರಿ, ಅಣ್ಣನ ನೀರಿನ ಸರದಿಯಲ್ಲಿ ನಾನು ತೂಬು ತಿರುಗಿಸಿ ನನ್ನ ಗದ್ದೆಗೆ ನೀರು ಹಾಯಿಸಿಕೊಂಡೆ. ಬೆಳಿಗ್ಗೆ ಅವನು ಕೇಳಿದಾಗ ಇಲ್ಲವೆಂದೆ. ಕಂಡವರು ಯಾರೂ ಇರಲಿಲ್ಲ. ಪಾಪನಿವೇದನೆಗೆ ಹೋದಾಗಲೆಲ್ಲ 'ಅಣ್ಣನ ಮೇಲೆ ಕೋಪವಿದೆ' ಎಂದು ಹೇಳಿ ಬಂದೆನೇ ಹೊರತು, ನೀರಿನ ವಿಷಯ ಬಾಯಿಗೆ ಬರಲಿಲ್ಲ. ಕೋಪವನ್ನು ಹೇಳಿಕೊಳ್ಳುವುದು ಸುಲಭ. ಅದರಲ್ಲಿ ನಾನೂ ನೊಂದವನೇ ಆಗಿ ಕಾಣುತ್ತೇನೆ! ತೀರ್ಪುಗಾರನ ಕಣ್ಣು ತಪ್ಪಿಸಿ ಅಂಕ ಉಳಿಸಿಕೊಂಡ ಆಟಗಾರನಿಗೂ ನನಗೂ ಏನು ವ್ಯತ್ಯಾಸ?

ಸಹೋದರನಿಗೆ ನಮ್ಮ ಮೇಲೆ ದೂರಿದ್ದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಅವನೊಡನೆ ರಾಜಿಯಾಗಬೇಕೆಂದು ಪ್ರಭು ಯೇಸು ಬೋಧಿಸಿದ್ದಾರೆ. ಹೊಸವರ್ಷದ ಬಲಿಪೂಜೆಗೆ ಮುಂಚಿನ ಸಂಜೆ ನಾನು ಅಣ್ಣನ ಜಗಲಿಯ ಮೇಲೆ ಹೋಗಿ ಕುಳಿತೆ. "ಆ ರಾತ್ರಿ ತೂಬು ತಿರುಗಿಸಿದವನು ನಾನೇ" ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಗೊತ್ತಿತ್ತು" ಎಂದ. ಅತ್ತಿಗೆ ಕಾಫಿ ತಂದರು. ಎಲ್ಲವೂ ಮೊದಲಿನಂತಾಯಿತೆಂದು ಹೇಳಲಾರೆ. ಆದರೆ ಈಗ ಮಾತಿದೆ.

ಪ್ರಿಯ ಓದುಗರೇ, ನಮ್ಮ ಮಕ್ಕಳು ಕತ್ತಿ ಕಲಿಯಲಿ, ಕಬಡ್ಡಿ ಆಡಲಿ. ಗೆದ್ದೆಯಾ ಎಂದು ಕೇಳುವ ಮೊದಲು, ತಾಗಿದಾಗ ಒಪ್ಪಿಕೊಂಡೆಯಾ ಎಂದು ಕೇಳೋಣ. ನಾವು ಒಪ್ಪಿಕೊಳ್ಳದೆ ಅವರು ಕಲಿಯುವುದು ಹೇಗೆ? ಗಂಡ ಹೆಂಡತಿಯ ಮುಂದೆ, ತಾಯಿ ಮಗಳ ಮುಂದೆ, ಅಣ್ಣ ತಮ್ಮನ ಮುಂದೆ, 'ಹೌದು, ತಪ್ಪು ನನ್ನದು' ಎಂದು ಈ ವಾರ ಒಮ್ಮೆಯಾದರೂ ಕೈಯೆತ್ತೋಣವೇ? ನಮ್ಮ ತಾಯಿಯವರು ಮೊಮ್ಮಗನಿಗೆ ಕೊನೆಗೆ ಹೇಳಿದ್ದೂ ಇಷ್ಟೇ: "ಆಡು ಮಗನೇ. ಆದರೆ ಸುಳ್ಳು ಹೇಳಿ ಗೆಲ್ಲಬೇಡ." ಆ ಮಾತು ಅವನಿಗಿಂತ ನನಗೇ ಹೆಚ್ಚು ಬೇಕಾಗಿತ್ತು.