ನಮಗೂ ಒಂದ ಫೋಟೋ ಕೊಡ್ರಿ

ಬೀದಿಯಲ್ಲಿ ಫೋಟೋ ತೆಗೆಯುವವರಿಗೆ ಒಂದು ಹಳೆಯ ಕಟ್ಟಳೆಯಿದೆ: ಕ್ಯಾಮೆರಾ ಹಿಡಿದವನು ಯಾರ ಕಣ್ಣಿಗೂ ಬೀಳಬಾರದು. ಫ್ರಾನ್ಸಿನ ಆನ್ರಿ ಕಾರ್ತಿಯೇ ಬ್ರೆಸೋನ್ ತನ್ನ ಪುಟ್ಟ ಲೈಕಾದ ಹೊಳೆಯುವ ಭಾಗಗಳಿಗೆಲ್ಲ ಕರಿ ಟೇಪು ಅಂಟಿಸಿಕೊಂಡು ತಿರುಗುತ್ತಿದ್ದ. 1947ರ ಕೊನೆಗೆ ಭಾರತಕ್ಕೆ ಬಂದು, ಗಾಂಧೀಜಿಯ ಕೊನೆಯ ದಿನಗಳನ್ನೂ ಅಂತ್ಯಯಾತ್ರೆಯ ಜನಸಾಗರವನ್ನೂ ಸೆರೆಹಿಡಿದ ಮನುಷ್ಯ ಅವನು. ಆದರೆ ಆ ಮಹಾನುಭಾವ ಗೋಕಾಕಿಗೆ ಬಂದಿದ್ದರೆ ಟೇಪು ದಂಡವಾಗುತ್ತಿತ್ತು. ನಮ್ಮ ಕಡೆ ಹೊಸ ಮುಖವೊಂದು ಓಣಿಗೆ ಕಾಲಿಟ್ಟರೆ ಕಟ್ಟೆಯ ಮೇಲೆ ಕೂತವರು ಮೊದಲು ಕೇಳುವುದು "ಯಾರ ಪೈಕಿ ರೀ?" ಅಂತ. ಅದರ ಹಿಂದೆಯೇ "ಊಟ ಆತೇನ್ರಿ?" ಇವೆರಡಕ್ಕೂ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಬೆಳಕು ಸರಿದಿರುತ್ತದೆ, ಎದುರಿನವರು ತಲೆ ಬಾಚಿ, ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡು, ಕೈಕಟ್ಟಿ ನೆಟ್ಟಗೆ ನಿಂತಿರುತ್ತಾರೆ.

ಡಿಸೆಂಬರ್ ರಜೆಗೆ ಊರಿಗೆ ಹೋದಾಗ ಒಂದು ದಿನವನ್ನು ಗೋಕಾಕ, ಮೂಡಲಗಿ, ಹುಕ್ಕೇರಿಗಳ ಓಣಿಗಳಿಗೆಂದೇ ಎತ್ತಿಟ್ಟೆ. "ಫಾಲ್ಸಿಗೆ ಹೋಗೂದಿಲ್ಲೇನು?" ಎಂದು ಮನೆಯವರೆಲ್ಲ ಕೇಳಿದರು. ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮುಕುವುದು ಮಳೆಗಾಲದ ಮಾತು. ಡಿಸೆಂಬರಿನಲ್ಲಿ ಹೋದವನು ಬಂಡೆ ನೋಡಿಕೊಂಡು ಬರಬೇಕು. ಅಲ್ಲದೆ ಆ ಜಲಪಾತ, ತೂಗುಸೇತುವೆ, 1880ರ ದಶಕದಲ್ಲಿ ನೀರಿನ ಬಲ ನಂಬಿ ಕಟ್ಟಿದ ಗಿರಣಿ, ಇವೆಲ್ಲ ಕ್ಯಾಲೆಂಡರುಗಳಲ್ಲಿ ಸಾಕಷ್ಟು ಮಿಂಚಿವೆ. ನನಗೆ ಬೇಕಾದದ್ದು ಮುಖಗಳು.

ಬೆಳಿಗ್ಗೆ ಮೊದಲು ಹೊಕ್ಕದ್ದು ಗೋಕಾಕದ ಒಂದು ಕರದಂಟಿನ ಅಂಗಡಿ. ಹಿಂದಿನ ಕೋಣೆಯಲ್ಲಿ ಕೆಲಸ ಆಗಲೇ ನಡೆದಿತ್ತು. ಕಾದ ತುಪ್ಪಕ್ಕೆ ಅಂಟಿನ ಹರಳು ಬಿದ್ದ ಕೂಡಲೇ ಚಟಚಟ ಸದ್ದು ಮಾಡಿ ಬೆಳ್ಳಗೆ ಉಬ್ಬುತ್ತದೆ. ಆ ಉಬ್ಬುವ ಗಳಿಗೆಯೇ ನನಗೆ ಬೇಕಿತ್ತು. ಬಾಣಲೆಯ ಮುಂದೆ ಕೂತಿದ್ದ ಹಿರಿಯರು ನಾನು ಕ್ಯಾಮೆರಾ ಎತ್ತಿದ್ದನ್ನು ನೋಡಿ ಝಾರಿಯನ್ನು ಕೆಳಗಿಟ್ಟೇಬಿಟ್ಟರು. ಪಕ್ಕದ ತಾಟಿನಲ್ಲಿ ಬೆಲ್ಲದ ಪಾಕ, ಕೊಬ್ಬರಿ, ಉತ್ತತ್ತಿ, ಗೋಡಂಬಿ ಎಲ್ಲ ಕೂಡಿ ಇನ್ನೂ ಬಿಸಿಯಾಗಿದ್ದ ಮುದ್ದೆಯಿಂದ ಒಂದು ತುಣುಕು ಮುರಿದು ನನ್ನ ಅಂಗೈಗೆ ಒತ್ತಿದರು. "ಮದಲ ಬಾಯಾಗ ಹಾಕ್ಕೋರಿ, ಫೋಟೋ ಆಮ್ಯಾಲ." ಬಿಸಿ ಕರದಂಟು ಹಿಡಿದ ಬೆರಳಿಂದ ಕ್ಯಾಮೆರಾದ ಗುಂಡಿ ಒತ್ತುವುದು ಸಾಧ್ಯವಿಲ್ಲ. ಕೈ ತೊಳೆಯಲು ನೀರು ಹಾಕಿದವರೂ ಅವರೇ. ಅಷ್ಟರಲ್ಲಿ ಅಂಟು ಉಬ್ಬಿ ಮುಗಿದಿತ್ತು.

ಅಲ್ಲಿಂದ ಹೊಳೆಯ ಕಡೆ ಇಳಿದೆ. 2019ರ ಆಗಸ್ಟಿನಲ್ಲಿ ಘಟಪ್ರಭೆಯೂ ಮಾರ್ಕಂಡೇಯವೂ ಕೂಡಿಯೇ ಉಕ್ಕಿ ಬಂದಾಗ ಮುಳುಗಿದ ಓಣಿಗಳಿವು. ಆ ದಿನಗಳಲ್ಲಿ ದೂರದೇಶದಲ್ಲಿದ್ದ ನಾವು ಮೊಬೈಲಿನಲ್ಲಿ ಲೋಳಸೂರ ಸೇತುವೆಯ ವಿಡಿಯೋ ನೋಡುತ್ತ, ಪರಿಚಿತ ಅಂಗಡಿಗಳ ಬೋರ್ಡು ನೀರಿನ ಮೇಲೆ ಕಾಣುತ್ತದೋ ಇಲ್ಲವೋ ಎಂದು ಹುಡುಕುತ್ತ ಕೂತಿದ್ದೆವು. ಈಗ ಹೊಸ ಸುಣ್ಣ, ಹೊಸ ಬಾಗಿಲು. ಒಂದು ಮನೆಯ ಮುಂದೆ ಅಜ್ಜಿಯೊಬ್ಬರು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಮೊರ ಮೇಲೆದ್ದಾಗ ಹೊಟ್ಟು ಬಿಸಿಲಿಗೆ ಹಾರುತ್ತಿತ್ತು. ದೂರದಿಂದಲೇ ಹಿಡಿದುಕೊಂಡೆ, ಚಿತ್ರ ಚೆನ್ನಾಗಿಯೇ ಬಂತು. ಕದ್ದು ಹಿಡಿದದ್ದನ್ನು ಹೇಳಿ ಹೋಗೋಣವೆಂದು ಹತ್ತಿರ ಹೋದರೆ ಬೈಗುಳ ಬರಲಿಲ್ಲ, ಒಂದು ತಂಬಿಗೆ ನೀರೂ ಬೆಲ್ಲವೂ ಬಂದವು.

"ಎಲ್ಲ್ಯಾಂವಪಾ ನೀ? ಹಂಗ್ಯಾಕ ಬಿಸಲಾಗ ನಿಂತಿ, ಒಳಗ ಬಾ."

ಒಳಗೆ ಗೋಡೆಯ ಮೇಲೆ ಒಂದೇ ಚೌಕಟ್ಟು, ಅದಕ್ಕೊಂದು ಪ್ಲಾಸ್ಟಿಕ್ ಹೂವಿನ ಹಾರ. ಹತ್ತಿರ ಹೋಗಿ ನೋಡಿದರೆ ಮುಖವೆಲ್ಲ ಚುಕ್ಕಿ ಚುಕ್ಕಿ. ಕಣ್ಣು ಎಲ್ಲಿ ಮುಗಿದು ಹುಬ್ಬು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯದಷ್ಟು ಮಸುಕು. ಅಜ್ಜಿಯೇ ಹೇಳಿದರು: "ನಮ್ಮ ಯಜಮಾನರು. ಓಟಿನ ಕಾರ್ಡಿನ ಮ್ಯಾಲಿಂದು ದೊಡ್ಡದ ಮಾಡಿಸೀವಿ. ಲಗ್ನದ್ದು, ಮಕ್ಕಳ ಜವಳದ್ದು, ಎಲ್ಲಾ ಟ್ರಂಕಿನ್ಯಾಗ ಇದ್ವು. ಹೊಳಿ ಒಯ್ತು. ಭಾಂಡೆ ಮತ್ತ ತಗೊಂಡ್ವಿ, ಟೀವಿ ಮತ್ತ ತಗೊಂಡ್ವಿ. ಇವನ್ನ ಎಲ್ಲಿಂದ ತರೂದು?"

ನಾನು ಏನೂ ಹೇಳಲಿಲ್ಲ. ಅವರೇ ಎದ್ದು ಸೊಸೆಯನ್ನು ಕೂಗಿದರು. ಸೊಸೆ ಇಳಕಲ್ ಸೀರೆ ಉಟ್ಟು ಬರುವವರೆಗೆ ನನಗೆ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಬೇಡವೆಂದರೆ ಕೇಳುವವರು ಯಾರು? ಕೊನೆಗೆ ಬಾಗಿಲ ಹೊರಗೆ ಕುರ್ಚಿ ಹಾಕಿಸಿ, ಹಾರ ತೆಗೆದ ಆ ಚೌಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು, ಸೊಸೆಯನ್ನೂ ಮೊಮ್ಮಗನನ್ನೂ ಪಕ್ಕಕ್ಕೆ ನಿಲ್ಲಿಸಿಕೊಂಡು ಅಜ್ಜಿ ಕೂತರು. "ಈಗ ಹೊಡಿ. ನಮಗೂ ಒಂದ ಕೊಡು ಮತ್ತ. ಮೊಬೈಲಿನ್ಯಾಗಿಂದು ಬ್ಯಾಡ, ಕಾಗದದ್ದು."

ಬೀದಿ ಛಾಯಾಗ್ರಹಣದ ಪಂಡಿತರು ಇಂಥ ಚಿತ್ರವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ಯಾರೂ ನಗುತ್ತಿಲ್ಲ. ಹಿಡಿಯಲಿಲ್ಲವೆಂದರೆ ಹಿಡಿಯದೇ ಹೋಗಲಿ. ಮೊರದ ಚಿತ್ರ ನನಗಾಗಿ, ಇದು ಅವರಿಗಾಗಿ.

ಮೂಡಲಗಿಯಲ್ಲಿ ಹೆಚ್ಚು ಹೊತ್ತು ಇರಲಾಗಲಿಲ್ಲ. ಕೆಲವೇ ವರ್ಷಗಳ ಹಿಂದೆ ಗೋಕಾಕದಿಂದ ಬೇರೆಯಾಗಿ ತಾಲೂಕಾದ ಊರು. ಶ್ರೀಕೃಷ್ಣ ಪಾರಿಜಾತವೆಂಬ ಬಯಲಾಟವನ್ನು ಮನೆಮಾತಾಗಿಸಿದ ಕುಲಗೋಡ ತಮ್ಮಣ್ಣನ ಸೀಮೆಯಿದು. ಕೌಜಲಗಿ ನಿಂಗಮ್ಮ ಹೆಣ್ಣಾಗಿ ಆ ಆಟಕ್ಕೆ ಇಳಿದು ಹೆಸರಾದದ್ದೂ ಇದೇ ನೆಲದಲ್ಲಿ. ಚಹದಂಗಡಿಯಲ್ಲಿ ಪಾರಿಜಾತದ ಮಾತು ತೆಗೆದದ್ದೇ ತಡ, ಮೂಲೆಯಲ್ಲಿ ಬೀಡಿ ಸೇದುತ್ತಿದ್ದ ಮುದುಕರೊಬ್ಬರು ಹೆಗಲ ಮೇಲಿನ ವಸ್ತ್ರವನ್ನು ತಲೆಗೆ ಸೆರಗಾಗಿ ಎಳೆದುಕೊಂಡು, ಸೊಂಟದ ಮೇಲೆ ಕೈಯಿಟ್ಟು ಸತ್ಯಭಾಮೆಯಾಗಿ ನಿಂತುಬಿಟ್ಟರು. ಹರೆಯದಲ್ಲಿ ಆ ಪಾತ್ರ ಮಾಡಿದವರಂತೆ. ಮೀಸೆಯ ಸತ್ಯಭಾಮೆಯ ಹುಸಿಮುನಿಸು ನಾನು ಆ ದಿನ ತೆಗೆದ ಚಿತ್ರಗಳಲ್ಲೆಲ್ಲ ಒಳ್ಳೆಯದು. ಅಂಗಡಿಯವರು ಚಹದ ರೊಕ್ಕ ಮುಟ್ಟಲಿಲ್ಲ. "ಅಜ್ಜನ ಆಟಾ ನೋಡಿ ಭಾಳ ವರ್ಷ ಆಗಿತ್ತು, ನೀವು ಆಡಿಸಿದ್ರಿ" ಎಂದರು.

ಹುಕ್ಕೇರಿ ಮುಟ್ಟಿದಾಗ ಹೊತ್ತು ಇಳಿದಿತ್ತು. ಹುಕ್ಕೇರಿ ತಾಲೂಕೆಂದರೆ ಓದುವ ಕನ್ನಡಿಗರಿಗೆ ಘೋಡಗೇರಿ, ಘೋಡಗೇರಿಯೆಂದರೆ ಚಂದ್ರಶೇಖರ ಕಂಬಾರರು. ಅವರ ಕಥೆಗಳ ಶಿವಾಪುರದ ಬೇರು ಇರುವುದು ಆ ಹೊಳೆದಂಡೆಯ ಹಳ್ಳಿಯಲ್ಲೇ. ನಾನು ಮಾತ್ರ ಹುಕ್ಕೇರಿ ಊರೊಳಗಿನ ಆದಿಲ್‌ಶಾಹಿ ಕಾಲದ ಗುಮ್ಮಟಗಳ ಹತ್ತಿರವೇ ಸುತ್ತಾಡಿದೆ. ಸಂಜೆಯ ಬೆಳಕಿನಲ್ಲಿ ಅವುಗಳ ಕಲ್ಲು ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಕೊಡ ಹೊತ್ತ ಹೆಣ್ಣುಮಗಳೊಬ್ಬಳು ಕ್ಯಾಮೆರಾ ಕಂಡು "ಬ್ಯಾಡ್ರಿ ಅಣ್ಣಾರ" ಎಂದಳು, ಇಳಿಸಿದೆ. ಬೇಡವೆಂದ ಮೇಲೆ ಕದಿಯುವುದನ್ನು ಕಲೆ ಎಂದು ನಾನು ಒಪ್ಪುವುದಿಲ್ಲ.

ಬಸ್ಸು ತಪ್ಪಿತು. ಕಬ್ಬಿನ ಕಾಲದಲ್ಲಿ ಈ ಕಡೆಯ ರಸ್ತೆಗಳಲ್ಲಿ ಹೊತ್ತಿಗೆ ಅರ್ಥವಿಲ್ಲ. ಎರಡೆರಡು ಟ್ರಾಲಿ ಎಳೆದುಕೊಂಡು, ಹಾಡು ಜೋರಾಗಿ ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರುಗಳ ಹಿಂದೆ ಎಲ್ಲವೂ ನಿಧಾನ. ಪುಣೆ-ಬೆಂಗಳೂರು ಹೆದ್ದಾರಿಯಾದ ಪಿಬಿ ರಸ್ತೆ ಸೇರಿದರೆ ಬೆಳಗಾವಿಗೆ ಬೇಕಾದಷ್ಟು ಬಸ್ಸು ಸಿಗುತ್ತವೆ, ಆದರೆ ಸಂಕೇಶ್ವರದವರೆಗೆ ಹೋಗುವುದು ಹೇಗೆ? ಸ್ಟ್ಯಾಂಡಿನ ಹೊರಗೆ ಗೊಬ್ಬರದ ಚೀಲ ಇಳಿಸುತ್ತಿದ್ದವರೊಬ್ಬರು "ನಾನೂ ಆ ಕಡೇನ ಹೊಂಟೀನಿ, ಕೂಡ್ರಿ" ಎಂದು ಬೈಕಿನ ಹಿಂದೆ ಕೂರಿಸಿಕೊಂಡರು. ದಾರಿಯುದ್ದಕ್ಕೂ ನನ್ನ ದೇಶದಲ್ಲಿ ಹಾಲಿನ ದರ ಎಷ್ಟು, ಎಮ್ಮೆ ಸಾಕುತ್ತಾರೋ ಇಲ್ಲವೋ ಎಂಬ ವಿಚಾರಣೆ. ಸಂಕೇಶ್ವರದಲ್ಲಿ ಇಳಿದು ಪೆಟ್ರೋಲಿಗಾದರೂ ಇರಲಿ ಎಂದು ನೋಟು ಚಾಚಿದರೆ ನನ್ನ ಕೈಯನ್ನೇ ಮಡಚಿ ಜೇಬಿಗಿಟ್ಟರು. ಆಮೇಲೆ ಬೈಕು ತಿರುಗಿಸಿ, ಬಂದ ದಾರಿಯಲ್ಲೇ ಹುಕ್ಕೇರಿಗೆ ಮರಳಿ ಹೊರಟರು! ಆ ಕಡೆ ಅವರಿಗೆ ಯಾವ ಕೆಲಸವೂ ಇರಲಿಲ್ಲ.

ಈ ಉಪಕಾರಗಳಿಗೆ ರೊಕ್ಕದ ಲೆಕ್ಕ ನಡೆಯುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಕ್ಯಾಮೆರಾ ಹಿಡಿದವನ ಕೈಯಲ್ಲಿ ಕೊಡುವಂಥದು ಒಂದಿದೆ, ಅದನ್ನೇ ನಾವು ಕೊಡುವುದಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ತೆಗೆದ ಮಕ್ಕಳ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ನಮ್ಮ ಊರಿನ ಮುಖಗಳು ಹೀಗೆ ಲೋಕ ನೋಡಿದ್ದು ಹೆಮ್ಮೆಯೇ. ಆದರೆ ನಾವು ರಜೆಯಲ್ಲಿ ಹಿಡಿದು ತಂದ ಮುಖಗಳು ಫೋನಿನಲ್ಲಿ, ಹೆಚ್ಚೆಂದರೆ ಇಂಥ ಸಂಚಿಕೆಯ ನುಣುಪು ಪುಟದಲ್ಲಿ ಉಳಿಯುತ್ತವೆ. ಆ ಮನೆಗಳ ಗೋಡೆಗೆ ಬರುವುದಿಲ್ಲ.

ವಿಮಾನ ಹತ್ತುವ ಮೊದಲು ಬೆಳಗಾವಿಯ ಸ್ಟುಡಿಯೋ ಒಂದರಲ್ಲಿ ಪ್ರಿಂಟು ಹಾಕಿಸಿ ಅಳಿಯನ ಕೈಗೆ ಕೊಟ್ಟು ಬಂದೆ. ಕರದಂಟಿನವರಿಗೆ, ಸತ್ಯಭಾಮೆಗೆ, ಅಜ್ಜಿಗೆ. ಬೈಕಿನವರ ಫೋಟೋ ನನ್ನಲ್ಲಿಲ್ಲ, ಹೆಸರೂ ಕೇಳಿಕೊಂಡಿರಲಿಲ್ಲ. ಅಜ್ಜಿ ಅಳಿಯನ ಫೋನಿನಿಂದ ಮಾತಾಡಿದರು: "ನಂದು ಕರ್ರಗ ಬಂದೈತಿ, ಸೊಸಿದು ಛಲೋ ಬಂದೈತಿ. ಇರ್ಲಿ, ಕಟ್ಟ ಹಾಕಿಸೀವಿ."

ಈ ಸಂಚಿಕೆ ಓದುವ ಎಷ್ಟೋ ಮಂದಿ ಬರುವ ರಜೆಗೆ ಊರಿಗೆ ಹೊರಡುತ್ತೀರಿ, ಫೋಟೋ ತೆಗೆಯುತ್ತೀರಿ. ಒಂದು ಮಧ್ಯಾಹ್ನವನ್ನು ಊರಿನ ಸ್ಟುಡಿಯೋಕ್ಕೆ ಇಟ್ಟುಕೊಳ್ಳಿ. ಕಾಗದದ ಮೇಲೆ ಪ್ರಿಂಟು ಹಾಕಿಸಿ, ಹಿಂಬದಿಯಲ್ಲಿ ಹೆಸರು, ಊರು, ತಾರೀಖು ಬರೆಯಿರಿ, ಆ ಮನೆಗೆ ಮುಟ್ಟಿಸಿ. ಹೊಳೆದಂಡೆಯ ಊರಾದರೆ ಎರಡು ಪ್ರತಿ ಮಾಡಿಸಿ, ಒಂದನ್ನು ನಿಮ್ಮ ಹತ್ತಿರ ಜೋಪಾನವಾಗಿಡಿ.