ಹಳತಾದ ಬೆಳಕಿನ ಕಾಯಕ

ಲೋಕಕ್ಕೆ ಬೇಡವಾದ ವಸ್ತುವಿಗಾಗಿ ಮೈಮುರಿದು ದುಡಿಯುವುದು ಕಾಯಕವೆನಿಸೀತೇ? 1955ರಲ್ಲಿ ಅಮೆರಿಕದ ಬರೋಸ್ ಕಂಪನಿ ಮಾರುಕಟ್ಟೆಗೆ ತಂದ, ಅಂಕಿಗಳನ್ನು ಬೆಳಗಿ ತೋರಿಸುವ ನಿಕ್ಸಿ ಕೊಳವೆಯನ್ನು 1970ರ ದಶಕದಲ್ಲಿ ಎಲ್‌ಇಡಿ ಮೂಲೆಗೆ ತಳ್ಳಿತು. ಆದರೂ 2010ರ ದಶಕದಲ್ಲಿ ಚೆಕ್ ದೇಶದ ದಾಲಿಬೋರ್ ಫಾರ್ನಿ ಅದನ್ನು ಕೈಯಾರೆ ಮಾಡಲು ಕಲಿತರು. ಹವ್ಯಾಸವೇ ಆಮೇಲೆ ವೃತ್ತಿಯಾಯಿತು. ಅಂಕಿಯ ಆಕಾರದ ಲೋಹದ ಕ್ಯಾಥೋಡ್‌ಗಳನ್ನು ಒಂದರ ಹಿಂದೊಂದು ಜೋಡಿಸಿ, ಗಾಳಿ ತೆಗೆದು, ಕಡಿಮೆ ಒತ್ತಡದಲ್ಲಿ ನಿಯಾನ್ ತುಂಬಿ, ಸುಮಾರು 170 ವೋಲ್ಟ್ ಕೊಟ್ಟರೆ ಅಂಕಿಯ ಸುತ್ತ ಕಿತ್ತಳೆ ಬೆಳಕು ಮೂಡುತ್ತದೆ. ಹೇಳಲು ಇಷ್ಟೇ. ಮಾಡಹೊರಟರೆ, ಗಾಜೂ ತಂತಿಯೂ ಸರಿಸಮನಾಗಿ ಹಿಗ್ಗಿ ಕುಗ್ಗದಿದ್ದಲ್ಲಿ ಬೆಸುಗೆ ಬಿರಿಯುತ್ತದೆ; ಒಳಗೆ ತುಸು ಕಲ್ಮಶ ಉಳಿದರೂ ಬೆಳಕು ಕೆಡುತ್ತದೆ. ಅವಸರಕ್ಕಾಗಲಿ ಸುಳ್ಳಿಗಾಗಲಿ ಇಲ್ಲಿ ಎಡೆಯಿಲ್ಲ. ಫಲಕ್ಕಿಂತ ಮೊದಲು ಮಾಡುವವನನ್ನೇ ತಿದ್ದುವ ಈ ಗುಣದಿಂದಲೇ ಇದನ್ನು ಕಾಯಕವೆಂದು ಕರೆಯಲು ನಾನು ಹಿಂಜರಿಯುವುದಿಲ್ಲ.

ವಚನಕಾರರ ಕಾಯಕಕ್ಕೆ ದಾಸೋಹದ ಜೊತೆಯಿದೆ, ಪರರಿಗೆ ಒದಗದ ದುಡಿಮೆ ಬರೀ ಶೋಕಿ ಎಂಬ ಆಕ್ಷೇಪ ಹಗುರವಲ್ಲ. ಈ ಕೊಳವೆಗಳಿಂದ ಮಾಡಿದ ದುಬಾರಿ ಗಡಿಯಾರವೊಂದು ಹಸಿದವರ ಹೊಟ್ಟೆ ತುಂಬಿಸದು, ನಿಜ. ಆದರೆ ಕಾರ್ಖಾನೆಗಳು ಮುಚ್ಚಿದಾಗ ಕುಶಲ ಕೈಗಳೊಂದಿಗೆ ಮರೆಯಾಗುತ್ತಿದ್ದ ಅರಿವನ್ನು ಫಾರ್ನಿ ಮರಳಿ ಗಳಿಸಿದರು, ತಯಾರಿಕೆಯನ್ನು ವಿಡಿಯೊಗಳಲ್ಲಿ ಎಲ್ಲರಿಗೂ ಬಿಚ್ಚಿ ತೋರಿಸಿದರು. ಹೀಗೆ ಹಂಚಿದ ಅರಿವನ್ನು ದಾಸೋಹದಿಂದ ಹೊರಗಿಡಲು ನನಗೆ ಕಾರಣ ಕಾಣುವುದಿಲ್ಲ.