ಕಿವಿಯ ಸಾಕ್ಷಿ

ಇಯರ್‌ಫೋನ್ ಕೆಟ್ಟಿತು ಎಂದರೆ ಸಾಮಾನ್ಯವಾಗಿ ಕೆಟ್ಟಿರುವುದು ಅದರ ಕೇಬಲ್. ಕಿವಿಯ ಹಿಂದೆ ಬಾಗುವಲ್ಲಿ, ಇಲ್ಲವೇ ಪ್ಲಗ್ಗಿನ ಕುತ್ತಿಗೆಯಲ್ಲಿ, ದಿನಕ್ಕೆ ಹತ್ತಾರು ಸಲ ಮಡಚಿಸಿಕೊಂಡ ತಂತಿಯ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಮೊದಲು ಕರಕರ ಸದ್ದು, ಆಮೇಲೆ ಒಂದು ಕಿವಿಯಲ್ಲಿ ಮೌನ. ಒಳಗೆ ನಾದ ಹುಟ್ಟಿಸುವ ಡ್ರೈವರ್ ಮಾತ್ರ ಇನ್ನೂ ಹತ್ತು ವರ್ಷ ಬಾಳುವಷ್ಟು ಗಟ್ಟಿಯಾಗಿರುತ್ತದೆ. ಅಗ್ಗದ್ದಾದರೆ ಎಸೆದು ಇನ್ನೊಂದು ತರುತ್ತೇವೆ. ವೇದಿಕೆಯ ಕಲಾವಿದರಿಗೆ ಅದು ಸಾಧ್ಯವಿಲ್ಲ. 1995ರಲ್ಲಿ ಜೆರ್ರಿ ಹಾರ್ವಿ ಎಂಬ ಧ್ವನಿ ತಂತ್ರಜ್ಞ ರಾಕ್ ಸಂಗೀತದ ಡ್ರಮ್ ವಾದಕ ಅಲೆಕ್ಸ್ ವ್ಯಾನ್ ಹೇಲನ್‌ಗಾಗಿ ಕಿವಿಯೊಳಗೆ ಕೂರುವ ಮಾನಿಟರ್ ಮಾಡಿಕೊಟ್ಟರು. ಅಲ್ಲಿಂದ ಬೆಳೆದ ಉದ್ಯಮಕ್ಕೆ, ಬೆವರಿಗೂ ಎಳೆದಾಟಕ್ಕೂ ಸಿಕ್ಕುವ ಕೇಬಲನ್ನು ಕಳಚಿ ಬೇರೆ ಹಾಕುವ ಅನುಕೂಲ ಬೇಕೇ ಬೇಕಿತ್ತು. ಹೀಗೆ 0.78 ಮಿಲಿಮೀಟರಿನ ಎರಡು ಪಿನ್ನುಗಳ ಸಾಕೆಟ್ಟೂ, ಒತ್ತಿದರೆ ಟಿಕ್ಕೆಂದು ಕೂರುವ ಎಂಎಂಸಿಎಕ್ಸ್ ಗುಂಡಿಯೂ ರೂಢಿಗೆ ಬಂದವು. ಕೆಟ್ಟ ಭಾಗವನ್ನಷ್ಟೇ ಬದಲಿಸಿ ಒಳ್ಳೆಯದನ್ನು ಉಳಿಸಿಕೊಳ್ಳುವ ಏರ್ಪಾಡು. ಹರಿದ ಕೊಡೆಯ ಬಟ್ಟೆ ಬದಲಿಸಿ, ಕಡ್ಡಿಗಳನ್ನು ಮೂವತ್ತು ವರ್ಷ ಬಾಳಿಸಿದ ತಲೆಮಾರಿಗೆ ಇದು ಹೊಸ ನೀತಿಯೇನಲ್ಲ.

ಆದರೆ ರಿಪೇರಿಗೆಂದು ತೆರೆದಿಟ್ಟ ಬಾಗಿಲಿನಿಂದ ಆಸೆಯೂ ಒಳಗೆ ಬಂತು. ಕೇಬಲ್ ಬದಲಿಸಬಹುದು ಎಂದಮೇಲೆ, ಕೆಡುವ ತನಕ ಯಾಕೆ ಕಾಯಬೇಕು? ನಾನಿರುವ ಸಿಂಗಪುರದಲ್ಲಿ ಕೋಲ್ಮನ್ ಬೀದಿಯ ಅಡೆಲ್ಫಿ ಕಟ್ಟಡ ಹೈ-ಫೈ ಅಂಗಡಿಗಳಿಗೆ ಹೆಸರಾದದ್ದು. ಇಯರ್‌ಫೋನ್ ಕೇಬಲ್ ಹೆಣೆಯುವುದನ್ನೇ ಕಸುಬಾಗಿಸಿಕೊಂಡ ಕಂಪನಿಯೂ ಈ ಊರಲ್ಲಿದೆ. ಇಪ್ಪತ್ತೈದು ಡಾಲರಿನಿಂದ ಹಿಡಿದು ಎರಡು ಸಾವಿರ ದಾಟುವವರೆಗೆ ಬೆಲೆ. ತಾಮ್ರದ ಕೇಬಲ್ ನಾದವನ್ನು ಬೆಚ್ಚಗಾಗಿಸುತ್ತದೆ, ಬೆಳ್ಳಿಯದು ತಾರಸ್ಥಾಯಿಗೆ ಮಿಂಚು ಕೊಡುತ್ತದೆ, ಚಿನ್ನ ಬೆರೆಸಿದರೆ ಗಾಯಕರ ಕಂಠಕ್ಕೆ ಒಂದು ತುಂಬು ಬರುತ್ತದೆ ಎನ್ನುವುದು ಬಲ್ಲವರ ವರ್ಣನೆ. ಲೋಹ ಕಣ್ಣಿಗೆ ಹೇಗೆ ಕಾಣುತ್ತದೋ ಹಾಗೆಯೇ ಕಿವಿಗೂ ಕೇಳುತ್ತದೆ ಎಂಬುದು ಸೋಜಿಗವಲ್ಲವೆ? ಅಲ್ಯೂಮಿನಿಯಂ ಕೇಬಲಿನ ನಾದವನ್ನು ಹೊಗಳಿದವರನ್ನು ನಾನಂತೂ ಕಂಡಿಲ್ಲ.

ಲೆಕ್ಕ ಕಷ್ಟದ್ದಲ್ಲ. ವಿದ್ಯುತ್ತನ್ನು ಹರಿಸುವುದರಲ್ಲಿ ಬೆಳ್ಳಿ ತಾಮ್ರಕ್ಕಿಂತ ಸುಮಾರು ಶೇಕಡ 6ರಷ್ಟು ಮೇಲು. 0.4 ಮಿಲಿಮೀಟರ್ ದಪ್ಪದ ತಾಮ್ರದ ತಂತಿ 1.2 ಮೀಟರ್ ಹೋಗಿ ಅಷ್ಟೇ ದೂರ ಹಿಂದಿರುಗಿದರೆ ಅದರ ರೋಧ 0.32 ಓಮ್, ಅದೇ ಅಳತೆಯ ಬೆಳ್ಳಿಯದು 0.30. 16 ಓಮಿನ ಇಯರ್‌ಫೋನಿಗೆ ಇದರಿಂದ ಆಗುವ ವ್ಯತ್ಯಾಸ ಡೆಸಿಬೆಲ್ಲಿನ ನೂರನೇ ಒಂದು ಭಾಗ. ತಾಮ್ರವನ್ನೇ ಒಂದಿಷ್ಟು ದಪ್ಪ ಮಾಡಿದರೆ ಅದೂ ಉಳಿಯುವುದಿಲ್ಲ.

ಹಾಗೆಂದು ಕೇಬಲಿನಿಂದ ಏನೂ ಆಗದು ಎನ್ನುವವರ ಮಾತೂ ಪೂರ್ತಿ ಸರಿಯಲ್ಲ. ಹಲವು ಡ್ರೈವರುಗಳಿರುವ ದುಬಾರಿ ಇಯರ್‌ಫೋನುಗಳ ಇಂಪೀಡೆನ್ಸ್ ಎಲ್ಲ ಸ್ವರಗಳಿಗೂ ಒಂದೇ ಸಮ ಇರುವುದಿಲ್ಲ. ಒಂದು ಕಡೆ 40 ಓಮ್, ಇನ್ನೊಂದು ಕಡೆ 5 ಓಮ್ ಇರುವ ಇಯರ್‌ಫೋನಿಗೆ 0.3 ಓಮಿನ ಕೇಬಲ್ ತೆಗೆದು 1 ಓಮಿನ ತೆಳು ಕೇಬಲ್ ಹಾಕಿದರೆ, ಈ ಎರಡು ಕಡೆಗಳ ನಡುವಿನ ತೂಕ ಹತ್ತಿರ ಹತ್ತಿರ ಒಂದು ಡೆಸಿಬೆಲ್ಲಿನಷ್ಟು ಬದಲಾಗುತ್ತದೆ. ಪಳಗಿದ ಕಿವಿ ಅದನ್ನು ಹಿಡಿದೀತು. ಆದರೆ ಕೆಲವು ರೂಪಾಯಿಯ ಒಂದು ರೆಸಿಸ್ಟರ್ ಬೆಸೆದರೂ ಇದೇ ಪವಾಡ ನಡೆಯುತ್ತದೆ. ಇನ್ನು ಹೊಸ ಕೇಬಲಿನ ಜೊತೆಗೆ 3.5 ಮಿಲಿಮೀಟರಿನ ಹಳೆಯ ಪ್ಲಗ್ ಬಿಟ್ಟು 4.4 ಮಿಲಿಮೀಟರಿನ ಬ್ಯಾಲೆನ್ಸ್ಡ್ ಪ್ಲಗ್ಗಿಗೆ ಹೋದವರಿಗೆ ಎಷ್ಟೋ ಉಪಕರಣಗಳಲ್ಲಿ ವೋಲ್ಟೇಜು ಇಮ್ಮಡಿಯಾಗಿ ಸಿಗುತ್ತದೆ. ಅದೇ 6 ಡೆಸಿಬೆಲ್. ತುಸು ಜೋರಾದದ್ದು ತುಸು ಚೆನ್ನಾಗಿ ಕೇಳುತ್ತದೆ ಎನ್ನುವುದು ಟಿವಿ ಅಂಗಡಿಯವರಿಗೂ ಗೊತ್ತಿರುವ ಗುಟ್ಟು. ಇವೆಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ: ಕೇಬಲ್ ಬದಲಿಸಲು ಇಯರ್‌ಫೋನನ್ನು ಕಿವಿಯಿಂದ ತೆಗೆದು ಮತ್ತೆ ಹಾಕಿದಾಗ ಅದು ಮೊದಲಿನ ಹಾಗೆಯೇ ಕೂರುವುದಿಲ್ಲ. ರಬ್ಬರಿನ ತುದಿ ಒಂಚೂರು ಸಡಿಲವಾದರೆ ಮಂದ್ರ ಸ್ವರಗಳು ಸೋರಿಹೋಗುತ್ತವೆ.

ಸಣ್ಣ ವಸ್ತುವೊಂದು ನಾದವನ್ನು ಬದಲಿಸಲಾರದು ಎಂಬ ಅಹಂಕಾರ ನನಗಿಲ್ಲ. ತಂಬೂರಿ ಕಂಡವರು ಯಾರೂ ಹಾಗೆ ಹೇಳಲಾರರು. ಅದರ ಕುದುರೆಯ ಮೇಲೆ, ತಂತಿಯ ಅಡಿಗೆ ಒಂದು ನೂಲಿನೆಳೆ ಸಿಕ್ಕಿಸುತ್ತಾರೆ. ಅದರ ಹೆಸರೇ ಜೀವ. ಬೆಲೆ ಕಟ್ಟಲಾಗದಷ್ಟು ಅಗ್ಗ. ಅದನ್ನು ಕೂದಲೆಳೆಯಷ್ಟು ಸರಿಸಿದರೆ ಸತ್ತಂತಿದ್ದ ತಂತಿ ಝೇಂಕರಿಸತೊಡಗುತ್ತದೆ. ಕಣ್ಣು ಮುಚ್ಚಿ ಕೂತ ಮಗುವಿಗೂ ಕೇಳುತ್ತದೆ, ನೂಲಿನ ಸುದ್ದಿ ಗೊತ್ತಿಲ್ಲದವರಿಗೂ ಕೇಳುತ್ತದೆ. ಬೆಳ್ಳಿಯ ಕೇಬಲಿನ ಮಿಂಚಿಗೆ ಮಾತ್ರ ಕೇಬಲ್ ಯಾವುದೆಂದು ಮೊದಲೇ ಗೊತ್ತಿರಬೇಕು.

ಹಾಗಾದರೆ ಕೇಳುತ್ತದೆ ಎನ್ನುವವರು ಸುಳ್ಳು ಹೇಳುತ್ತಿದ್ದಾರೆಯೆ? ಇಲ್ಲಿ ನಿಧಾನಿಸಬೇಕು. 2008ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದೇ ವೈನನ್ನು ಒಮ್ಮೆ 10 ಡಾಲರಿನದೆಂದೂ ಇನ್ನೊಮ್ಮೆ 90 ಡಾಲರಿನದೆಂದೂ ಹೇಳಿ ಕುಡಿಸಿ, ಕುಡಿಯುವವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಬೆಲೆ ಹೆಚ್ಚೆಂದಾಗ ರುಚಿ ಹೆಚ್ಚೆಂದು ಬಾಯಿ ಹೇಳಿದ್ದಷ್ಟೇ ಆಗಿರಲಿಲ್ಲ. ಸುಖವನ್ನು ಅಳೆಯುವ ಮಿದುಳಿನ ಭಾಗವೂ ಹೆಚ್ಚು ಚುರುಕಾಗಿತ್ತು. ಅಂದರೆ ಅವರು ನಟಿಸಲಿಲ್ಲ, ನಿಜಕ್ಕೂ ಹೆಚ್ಚು ಸುಖಪಟ್ಟರು. ನಮ್ಮ ವೇದಾಂತಿಗಳ ಹಗ್ಗ-ಹಾವಿನ ದೃಷ್ಟಾಂತದಲ್ಲಿಯೂ ಹೀಗೆಯೇ. ಮಬ್ಬಿನಲ್ಲಿ ಹಾವಾಗಿ ಕಂಡದ್ದು ಹಗ್ಗ. ಆದರೆ ಎದೆ ಬಡಿದುಕೊಂಡದ್ದು, ಬೆವರಿದ್ದು, ಹಿಂದಕ್ಕೆ ಹಾರಿದ್ದು ಎಲ್ಲ ನಿಜ. ಹಾವು ಸುಳ್ಳೆಂದು ಭಯವನ್ನೂ ಸುಳ್ಳೆನ್ನಲಾಗದು. ಬೆಳ್ಳಿಯ ಮಿಂಚು ಸುಳ್ಳಾದರೂ ಅದನ್ನು ಕೇಳಿದವರ ರೋಮಾಂಚನ ಸುಳ್ಳಲ್ಲ. ಅದನ್ನು ಗೇಲಿ ಮಾಡುವ ಹಕ್ಕು ಮೀಟರ್ ಹಿಡಿದವರಿಗೂ ಇಲ್ಲ.

ಗೌತಮನ ನ್ಯಾಯಸೂತ್ರ ಪ್ರತ್ಯಕ್ಷಕ್ಕೆ ಹಾಕುವ ಷರತ್ತುಗಳಲ್ಲಿ ಎರಡು ಇಲ್ಲಿಗೆ ಹೊಂದುತ್ತವೆ. ಅದು ಮಾತಿನಿಂದ ಹುಟ್ಟಿದ್ದಾಗಿರಬಾರದು, ದಾರಿ ತಪ್ಪಿಸುವಂಥದಾಗಿರಬಾರದು. ಡಬ್ಬದ ಮೇಲಿನ ಬೆಲೆ, ಅಂಗಡಿಯವನ ವರ್ಣನೆ, ಬೆಳ್ಳಿ ಎಂಬ ಹೆಸರು ಇವೆಲ್ಲ ಕಿವಿಗಿಂತ ಮೊದಲೇ ಬಂದು ಕೂತಿರುತ್ತವೆ. ಈ ಮಾತುಗಳನ್ನು ಹೊರಗಿಟ್ಟು ಕೇಳುವ ಉಪಾಯವನ್ನು ಬೆಲ್ ಪ್ರಯೋಗಾಲಯದವರು 1950ರಲ್ಲೇ ಬರೆದಿಟ್ಟರು: ಒಂದು ಸದ್ದು, ಇನ್ನೊಂದು ಸದ್ದು, ಆಮೇಲೆ ಇವೆರಡರಲ್ಲಿ ಯಾವುದೋ ಒಂದು. ಮೂರನೆಯದು ಯಾವುದೆಂದು ಹೆಸರು ಕಾಣದೆ ಹೇಳಬೇಕು. ಕಿವಿಯನ್ನು ಅವಮಾನಿಸುವ ಪರೀಕ್ಷೆ ಇದು ಎಂದು ಕೆಲವರು ಮುನಿಯುತ್ತಾರೆ. ಕಿವಿಯೊಂದನ್ನೇ ನಂಬುವ ಪರೀಕ್ಷೆ ಇದು ಎಂದು ನನಗನ್ನಿಸುತ್ತದೆ.

ಒಬ್ಬನೇ ಕೂತು ಸುಖಪಡುವವರೆಗೆ ಇದರಲ್ಲಿ ಯಾವ ನೈತಿಕ ಪ್ರಶ್ನೆಯೂ ಇಲ್ಲ. ಪ್ರಶ್ನೆ ಹುಟ್ಟುವುದು ಇನ್ನೊಬ್ಬರಿಗೆ ಹೇಳಿದಾಗ. ಇಲ್ಲಿನ ಕನ್ನಡ ಬಳಗದ ಹಿರಿಯ ಸ್ನೇಹಿತರೊಬ್ಬರು ಬೆಳ್ಳಿಯ ಕೇಬಲ್ ಕೊಂಡಿದ್ದರು. ಎಂಟೆಳೆಯ ಜಡೆಯಂತೆ ಹೆಣೆದ, ಕೈಯಲ್ಲಿ ರೇಷ್ಮೆಯ ಹಾಗೆ ಇಳಿಯುವ ಚೆಂದದ ವಸ್ತು. ಅವರ ಸಂತೋಷ ನೋಡಿ ನಾನು ಏನೂ ಹೇಳಿರಲಿಲ್ಲ. ಅವರು ಕೇಳಿಯೂ ಇರಲಿಲ್ಲ. ಅವರ ಮಾತು ಕೇಳಿದ ಹುಬ್ಬಳ್ಳಿಯ ಹುಡುಗನೊಬ್ಬ, ಇಲ್ಲಿಗೆ ಬಂದು ವರ್ಷವೂ ಆಗಿರದವನು, ಅವರೊಂದಿಗೇ ನಮ್ಮ ಮನೆಗೆ ಬಂದ. ಅವನ ಇಯರ್‌ಫೋನಿನ ಪ್ಲಗ್ಗಿನ ಬಳಿ ತಂತಿ ಹರಿದಿತ್ತು. "ಸರ, ಅಂಕಲ್ ತಗೊಂಡಾರಲ್ರಿ, ಅಂಥಾದ್ದ ಒಂದು ಕಂತಿನ ಮ್ಯಾಲೆ ತಗೋಬೇಕಂತ ಮಾಡೇನ್ರಿ. ಭಾಳ ಫರಕ್ ಆಗ್ತದಂತಲ್ರಿ?" ಊರಿಗೆ ಕಳಿಸುವ ಹಣದಲ್ಲಿ ನಾಲ್ಕು ತಿಂಗಳು ಅಷ್ಟಷ್ಟು ಹಿಡಿಯಬೇಕಾಗುತ್ತದೆ ಎಂಬ ಲೆಕ್ಕವನ್ನೂ ಅವನೇ ಹೇಳಿದ.

ನ್ಯಾಯದರ್ಶನದಲ್ಲಿ ಶಬ್ದವೂ ಒಂದು ಪ್ರಮಾಣ, ಆದರೆ ಅದು ಆಪ್ತನ ಮಾತಾಗಿರಬೇಕು. ಆಪ್ತನೆಂದರೆ ವಸ್ತುವನ್ನು ತಾನೇ ಕಂಡು, ಕಂಡದ್ದನ್ನು ಕಂಡ ಹಾಗೆ ತಿಳಿಸಬಯಸುವವನು. ಋಷಿಗೂ ಮ್ಲೇಚ್ಛನಿಗೂ ಲಕ್ಷಣ ಒಂದೇ ಎನ್ನುತ್ತಾನೆ ವಾತ್ಸ್ಯಾಯನ. ಕನ್ನಡದಲ್ಲಿ ಆಪ್ತನೆಂದರೆ ಹತ್ತಿರದ ಗೆಳೆಯ. ಪರದೇಶದಲ್ಲಿ ಈ ಎರಡೂ ಅರ್ಥ ಒಬ್ಬರಲ್ಲೇ ಕೂಡಿಕೊಳ್ಳುತ್ತವೆ. ಯಾವ ಬ್ಯಾಂಕು, ಯಾವ ಡಾಕ್ಟರು, ಯಾವ ಅಕ್ಕಿ ಎಂಬುದನ್ನೆಲ್ಲ ನಾವಿಲ್ಲಿ ಕಲಿಯುವುದು ನಮ್ಮ ಭಾಷೆಯವರ ಬಾಯಿಂದ. ನನ್ನ ಸ್ನೇಹಿತರ ಸುಖ ಅವರದೇ ಆಗಿತ್ತು. ಅದನ್ನು ಹುಡುಗನಿಗೆ ಹೇಳಿದ ಕ್ಷಣದಲ್ಲಿ ಅದು ಸಾಕ್ಷಿಯಾಯಿತು. "ನನಗೆ ಸಂತೋಷವಾಯಿತು" ಎಂಬ ಮಾತಿಗೆ ಪುರಾವೆ ಬೇಡ. "ಬೆಳ್ಳಿಯಿಂದ ಸಂತೋಷವಾಯಿತು, ನಿನಗೂ ಆಗುತ್ತದೆ" ಎಂಬುದಕ್ಕೆ ಬೇಕು.

ಹಾಗಾಗಿ ಅವರ ಎದುರಿಗೇ, ಮೇಲಿನ ಲೆಕ್ಕವನ್ನೆಲ್ಲ ಹುಡುಗನಿಗೆ ಹೇಳಿದೆ. ಹಿರಿಯರ ಮುಖ ಬಾಡಿತು. "ಹಾಗಾದ್ರೆ ನನ್ನ ಕಿವಿ ಸುಳ್ಳು ಹೇಳ್ತಿದೆ ಅಂತೀರಾ?" ಎಂದರು. ಕೇಳಿದ್ದು ನಿಜ, ಕಾರಣ ಬೇರೆ ಎಂದೆ. ಅದಕ್ಕೆ ಅವರು ಕೊಟ್ಟ ಉತ್ತರ ಸುಲಭದ್ದಲ್ಲ. "ಮನೇಲಿ ಬೆಳ್ಳಿ ದೀಪ ಹಚ್ತೀವಿ. ಅದಕ್ಕೂ ಮೀಟರ್ ಹಿಡೀತೀರಾ?" ನಾನು ಇದನ್ನು ಬಹಳ ದಿನ ಯೋಚಿಸಿದ್ದೇನೆ. ಬೆಳ್ಳಿಯ ದೀಪಕ್ಕೂ ಮಣ್ಣಿನ ಹಣತೆಗೂ ಬೆಳಕು ಒಂದೇ. ಆದರೆ ಬೆಳ್ಳಿಯ ದೀಪ ತಂದವರು ಬೆಳಕು ಹೆಚ್ಚಾಯಿತು ಎನ್ನುವುದಿಲ್ಲ. ದೀಪ ಮಾರುವ ಅಂಗಡಿಯೂ ಹಾಗೆ ಹೇಳುವುದಿಲ್ಲ. ಅಂದಕ್ಕೆ, ಗೌರವಕ್ಕೆ, ಮನೆತನಕ್ಕೆಂದು ಎಲ್ಲರೂ ಒಪ್ಪಿಯೇ ಕೊಳ್ಳುತ್ತಾರೆ. ಕೇಬಲನ್ನೂ ಹಾಗೆ ಒಡವೆಯೆಂದು ಮಾರಿದರೆ, ಒಡವೆಯೆಂದು ಕೊಂಡರೆ, ನನ್ನ ತಕರಾರೇ ಇಲ್ಲ. ಎಂಟೆಳೆಯ ಆ ಹೆಣಿಗೆ ನಿಜಕ್ಕೂ ಸೊಗಸು. ಸಿಕ್ಕಾಗುವುದಿಲ್ಲ, ಚಳಿಗೆ ಸೆಟೆಯುವುದಿಲ್ಲ.

ಹುಡುಗನ ಹರಿದ ಕೇಬಲನ್ನು ಅಂದೇ ಕತ್ತರಿಸಿ, ಹೊಸ 3.5 ಮಿಲಿಮೀಟರ್ ಪ್ಲಗ್ ಬೆಸೆದೆವು. ಎಳೆಗಳ ಮೇಲೆ ಅರಗಿನಂಥ ತೆಳು ಲೇಪವಿರುತ್ತದೆ, ಕಾದ ಬೆಸುಗೆಯ ಹನಿಯಲ್ಲಿ ಅದನ್ನು ಸುಟ್ಟು ತೆಗೆಯಬೇಕು. ನಾಲ್ಕು ತಂತಿಗಳಲ್ಲಿ ಎಡದ್ದು ಯಾವುದು, ಬಲದ್ದು ಯಾವುದು, ಹಿಂದಿರುಗುವ ಎರಡು ಯಾವುವು ಎಂದು ಮಲ್ಟಿಮೀಟರಿನಲ್ಲಿ ಗುರುತಿಸಬೇಕು. ಒಂದು ಕಡೆ ತಿರುಗಾಮುರುಗಾ ಆದರೆ ತಲೆಯ ನಡುವೆ ನಿಲ್ಲಬೇಕಾದ ದನಿ ಚೆದುರಿ ಎಲ್ಲೆಲ್ಲೋ ಕೇಳುತ್ತದೆ. ಹಿರಿಯರೇ ಟಾರ್ಚ್ ಹಿಡಿದರು. ಮುಗಿದಮೇಲೆ ಹುಡುಗ ಭೀಮಸೇನ ಜೋಶಿಯವರ ಹಾಡು ಹಚ್ಚಿಕೊಂಡು, ಕಣ್ಣು ಮುಚ್ಚಿ, ತಲೆಯಾಡಿಸಿದ. "ನಡುವ ನಿಂತಾರ್ರಿ ಸರ." ಹಿರಿಯರೂ ಕಿವಿಗೆ ಹಾಕಿಕೊಂಡು ಬಹಳ ಹೊತ್ತು ಕೇಳಿದರು. ಕೊನೆಗೆ, "ಪರವಾಗಿಲ್ವೇ, ಮೇಲಿನ ಸ್ವರ ಚೆನ್ನಾಗೇ ಬಿಚ್ಚಿಕೊಂಡಿದೆ. ನೀವು ಹಾಕಿದ ಸೋಲ್ಡರಿನಲ್ಲಿ ಬೆಳ್ಳಿ ಏನಾದ್ರೂ ಇದೆಯಾ?" ಎಂದರು. ಡಬ್ಬಿ ತಿರುಗಿಸಿ ನೋಡಿದೆ. ತವರ 96.5, ಬೆಳ್ಳಿ 3, ತಾಮ್ರ 0.5 ಎಂದಿತ್ತು. ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳಿದೆ.